ವೈದ್ಯೆಯ ಚೀಲದಲ್ಲಿ ಬುತ್ತಿ ಇರಲಿಲ್ಲ

ನಾನು ಮಾಡಿದ ಕೆಲಸ ಏನೆಂದು ನಮ್ಮ ಕೊಟ್ಟೂರಿನಲ್ಲಿ ಇವತ್ತಿಗೂ ಬಹಳ ಜನಕ್ಕೆ ಗೊತ್ತಿಲ್ಲ. ‘ಕಂಪ್ಯೂಟರಿನಾಗ ಏನೋ ಮಾಡ್ತಿದ್ರು’ ಎನ್ನುತ್ತಾರೆ. ಅದು ಸುಳ್ಳಲ್ಲ. ಕಂಪ್ಯೂಟರಿನಲ್ಲಿ ಆಡುವ ಒಂದು ಆಟದಲ್ಲಿ, ಕೋಟೆಯ ಕೆಳಗಿನ ಕತ್ತಲೆ ನೆಲಮಾಳಿಗೆಗೆ ಇಳಿಯುವವರ ಚೀಲದಲ್ಲಿ ಮೊದಲಿಗೆ ಏನಿರಬೇಕು, ಏನಿರಬಾರದು ಎಂದು ತೂಗಿ ನೋಡುವುದು ನನ್ನ ಕೆಲಸವಾಗಿತ್ತು. ಪರದೆಯ ಮುಂದೆ ಕೂಡುವುದು ಇನ್ನು ಸಾಕು ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಬಿಟ್ಟೆ. ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಕೆಲವರು ಫೋನು ಮಾಡಿ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಣ್ಣಾರೆ ನೋಡಿದ್ದನ್ನಷ್ಟೇ ಬರೆಯುತ್ತೇನೆ. ಒಂದು ಸಂಗತಿಯನ್ನು ಇವತ್ತಿಗೂ ಮರೆಯಲಾಗಿಲ್ಲ. ಅಲ್ಲಿಗೆ ಬರುವ ತನಕ ನಿಧಾನವಾಗಿ ಹೋಗುತ್ತೇನೆ.

ನಮ್ಮ ಕಚೇರಿ ಇದ್ದದ್ದು ಹರಪನಹಳ್ಳಿಯಲ್ಲಿ, ಪಂಪುಸೆಟ್ಟಿನ ಮೋಟಾರು ಸುತ್ತುವ ಅಂಗಡಿಯ ಮಾಳಿಗೆಯ ಮೇಲೆ. ಅಂಗಡಿ ರಜಿಯಾ ಮೇಡಂ ಅವರ ತಂದೆಯದು. ಮೇಡಂ ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು. ಆದರೆ ಆಟ ಅವರದು, ಲೆಕ್ಕ ಅವರದು, ಕೊನೆಯ ಮಾತೂ ಅವರದು. ನಾನು ಅದಕ್ಕೂ ಮೊದಲು ಕೊಟ್ಟೂರಿನಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುತ್ತಿದ್ದೆ. ಅಲ್ಲಿಗೆ ಕಲಿಯಲು ಬಂದವರು ಅವರು. ಕೆಲವು ವರ್ಷಗಳ ಮೇಲೆ ಬಂದು, ‘ಕೊಟ್ರೇಶಣ್ಣ, ನಿಮ್ಮಷ್ಟು ತಾಳ್ಮಿ ಇರೋರು ನನಗ ಬೇಕು, ಬರ್ರಿ’ ಎಂದು ಕರೆದರು. ಕಲಿಸಿದವನನ್ನು ಕೆಲಸಕ್ಕೆ ಕರೆಯುವಾಗ ಇರಬಹುದಾದ ಮುಜುಗರವಾಗಲಿ, ಹಮ್ಮಾಗಲಿ ಆ ದನಿಯಲ್ಲಿ ಇರಲಿಲ್ಲ. ಹೋದೆ.

ಕೆಳಗೆ ಅಂಗಡಿಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಸದ್ದು, ವಾರ್ನಿಷಿನ ವಾಸನೆ. ಮೇಲೆ ನಾವು. ಮೇಡಂ ನನಗೆ ಕಲಿಸಿದ ಮೊದಲ ಪಾಠವೂ ಕೆಳಗಿನಿಂದಲೇ ಬಂದದ್ದು.

‘ಒಂದು ಸುರುಳಿಗಿ ಸುತ್ತು ಹೆಚ್ಚು ಹಾಕಿದ್ರ ಅದೊಂದೇ ಕೆಡಂಗಿಲ್ಲ ಅಣ್ಣ, ಮೋಟಾರೇ ಸುಡ್ತೈತಿ. ಈ ಚೀಲಗಳೂ ಹಂಗ. ಒಂದಕ್ಕ ಕೈ ಹಚ್ಚೋ ಮುಂದ ಉಳಿದ ಮೂರನ್ನೂ ಮುಟ್ಟಿ ನೋಡ್ರಿ.’

ಆಟ ಹೀಗಿತ್ತು. ನಾಲ್ಕು ಜನ ನಾಲ್ಕು ಕಂಪ್ಯೂಟರಿನಲ್ಲಿ ಕೂಡುತ್ತಾರೆ. ಒಬ್ಬ ವೀರ, ಒಬ್ಬ ಕಳ್ಳ, ಒಬ್ಬ ದೀವಟಿಗೆಯವ, ಒಬ್ಬಳು ವೈದ್ಯೆ. ನಾಲ್ವರೂ ಕೂಡಿ ನೆಲಮಾಳಿಗೆಯ ಅಂತಸ್ತುಗಳನ್ನು ಇಳಿಯಬೇಕು. ಇಳಿಯುವಾಗ ಪ್ರತಿಯೊಬ್ಬರಿಗೂ ಒಂದು ಚೀಲ. ಚೀಲಕ್ಕೆ ಇಷ್ಟೇ ಭಾರ ಎಂಬ ಮಿತಿ. ವೀರನಿಗೆ ಕತ್ತಿ, ಗುರಾಣಿ. ಕಳ್ಳನಿಗೆ ಹಗ್ಗ, ಕೀಲಿ ತೆರೆಯುವ ಕೊಕ್ಕೆ. ದೀವಟಿಗೆಯವನಿಗೆ ಎಣ್ಣೆ ತುಂಬಿದ ಚರ್ಮದ ಬುದ್ದಲಿ. ವೈದ್ಯೆಗೆ ಬೇರು, ಎಲೆ, ಬಟ್ಟೆ, ಅರೆಯುವ ಕಲ್ಲು. ನಾಲ್ವರಲ್ಲಿ ಯಾರೂ ಹೆಚ್ಚಾಗಬಾರದು, ಯಾರೂ ಹೊರೆಯಾಗಬಾರದು. ಒಬ್ಬರನ್ನು ಬಿಟ್ಟರೆ ಉಳಿದವರಿಗೆ ಕಷ್ಟವಾಗಬೇಕು. ಹೇಳುವುದಕ್ಕೆ ಇಷ್ಟೇ.

ಮಾಡುವುದು ಎಂಥದ್ದು ಎಂದು ತಿಳಿಯಲು ಕಂಬಳಿಯ ಕಥೆ ಸಾಕು. ನಮ್ಮಲ್ಲಿ ಹಾಲೇಶ ಎಂಬ ಹುರುಪಿನ ಮನುಷ್ಯನಿದ್ದ, ಹರಪನಹಳ್ಳಿಯವನೇ. ಆಟದ ಕೋಡು ಬರೆಯುತ್ತಿದ್ದ, ಆಡಿ ಪರೀಕ್ಷೆಯನ್ನೂ ಮಾಡುತ್ತಿದ್ದ. ವೀರನ ಹೆಗಲ ಮೇಲೆ ಕಂಬಳಿ ಇಲ್ಲದಿದ್ದರೆ ಅವನು ವೀರನೇ ಅಲ್ಲ ಎಂದು ಹಟ ಹಿಡಿದ. ಹಾಕಿದೆವು. ಕರಿ ಕಂಬಳಿ, ಚಳಿ ತಡೆಯುತ್ತದೆ, ಮಳೆ ತಡೆಯುತ್ತದೆ, ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ ಎಂದು ಒಂದೊಂದೇ ಗುಣ ಸೇರಿಸುತ್ತಾ ಹೋದ. ಹಗರಿಬೊಮ್ಮನಹಳ್ಳಿಯಿಂದ ಆಡಿ ನೋಡಲು ಬಂದವರು ಒಂದು ವಾರ ಆಡಿದರು. ಒಬ್ಬರೂ ಉಕ್ಕಿನ ಕವಚ ಕೊಳ್ಳಲಿಲ್ಲ. ಕೊನೆಯ ಅಂತಸ್ತಿನ ಬೆಂಕಿ ಉಗುಳುವ ಸರ್ಪದ ಮುಂದೆಯೂ ಕಂಬಳಿ ಹೊದ್ದು ನಿಂತರು. ಗೆದ್ದರು.

‘ಹಾಲೇಶ, ಇದೇನು ಕಂಬಳಿನೋ, ಕೋಟಿ ಗ್ವಾಡಿನೋ?’ ಎಂದರು ಮೇಡಂ.

‘ಒಳ್ಳೆ ಉಣ್ಣಿ ಐತೆ ಮೇಡಂ, ಏನು ಮಾಡಾದು?’

‘ನಿನ್ನ ತಲಿ ತುಂಬಾ ಉಣ್ಣಿನ ಐತಿ. ತಗಿ.’

ಕಂಬಳಿಯನ್ನು ತೆಗೆಯಲಿಲ್ಲ. ಒದ್ದೆಯಾದರೆ ಭಾರ ದುಪ್ಪಟ್ಟಾಗುವಂತೆ ಮಾಡಿದರು ಮೇಡಂ. ಅಷ್ಟಕ್ಕೇ ಸರಿಹೋಯಿತು. ಒಂದು ವಸ್ತು ಅತಿಯಾದರೆ ನಾನಾಗಿದ್ದರೆ ಕಿತ್ತು ಹಾಕುತ್ತಿದ್ದೆ. ಅವರು ಅದರಲ್ಲೇ ಇರುವ ಸಹಜವಾದ ದೋಷವನ್ನು ಹುಡುಕುತ್ತಿದ್ದರು. ಹೊಸಬರು ಇದನ್ನು ನೆನಪಿಡಬೇಕು.

ಮೊದಮೊದಲು ನಾವು ಆಡಿ, ಮಾತಾಡಿ, ಅಂದಾಜಿನ ಮೇಲೆ ಭಾರ ಬದಲಿಸುತ್ತಿದ್ದೆವು. ಆಮೇಲೆ ಹಾಲೇಶ ಯಂತ್ರದ ಆಟಗಾರರನ್ನು ತಯಾರಿಸಿದ. ಮನುಷ್ಯರು ಆಡುವ ಬದಲು ಕಂಪ್ಯೂಟರೇ ನಾಲ್ವರ ಪಾತ್ರವನ್ನೂ ವಹಿಸಿ ಮತ್ತೆ ಮತ್ತೆ ಆಡುತ್ತದೆ. ಬೆಳಿಗ್ಗೆ ಬಂದರೆ ಯಾರು ಎಷ್ಟು ಸಲ ಸತ್ತರು, ಯಾವ ಅಂತಸ್ತಿನಲ್ಲಿ ಸತ್ತರು ಎಂಬ ಪಟ ಪರದೆಯ ಮೇಲೆ ಇರುತ್ತಿತ್ತು. ನನಗೆ ಅದು ಪವಾಡದಂತೆ ಕಂಡಿತು. ಒಬ್ಬೊಬ್ಬರಿಗೆ ಒಂದರಂತೆ ನಾಲ್ಕು ಗೆರೆಗಳು ಒಂದರ ಪಕ್ಕ ಒಂದು, ಹೆಚ್ಚುಕಡಿಮೆ ಸಮನಾಗಿ. ‘ಮೋಟಾರು ತಣ್ಣಗ ಓಡಾಕತ್ತೈತಿ’ ಎಂದರು ಮೇಡಂ. ನಾವೆಲ್ಲ ಚಹಾ ಕುಡಿದೆವು.

ಈಗ ವೈದ್ಯೆಯ ವಿಷಯ. ಆ ಪಾತ್ರವನ್ನು ರೂಪಿಸಿದ್ದು ನಮ್ಮ ಕಚೇರಿಯ ಶಿವಲೀಲಾ. ಗುಡೇಕೋಟೆಯ ಹೆಣ್ಣುಮಗಳು, ಚಿತ್ರ ಬರೆಯುವವಳು. ಆಟದ ಮೊದಲ ಅಂತಸ್ತಿನ ಬಂಡೆಗಳೆಲ್ಲ ಅವಳ ಊರಿನವು. ಅವಳ ಅಜ್ಜಿ ಸುತ್ತಿನ ಹಳ್ಳಿಗಳಿಗೆ ಸೂಲಗಿತ್ತಿಯಾಗಿಯೂ ನಾಟಿ ಔಷಧಿಯವಳಾಗಿಯೂ ಓಡಾಡಿದವಳಂತೆ. ವೈದ್ಯೆಯ ನಡಿಗೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕುಳಿತು ಬೇರು ಅರೆಯುವಾಗ ಭುಜ ಅಲುಗುವ ಬಗೆ, ಎಲ್ಲವನ್ನೂ ಅವಳು ಎಷ್ಟು ಪ್ರೀತಿಯಿಂದ ಬರೆದಿದ್ದಳೆಂದರೆ, ನಾನು ಲೆಕ್ಕ ಮರೆತು ನೋಡುತ್ತಾ ಕೂತದ್ದುಂಟು. ಚೀಲವನ್ನೂ ಅವಳೇ ತುಂಬಿದ್ದಳು. ಉಳಿದ ಮೂವರ ಚೀಲದಲ್ಲಿ ರೊಟ್ಟಿ, ಚಟ್ನಿಪುಡಿಯ ಬುತ್ತಿ ಇತ್ತು. ವೈದ್ಯೆಯ ಚೀಲದಲ್ಲಿ ಇರಲಿಲ್ಲ. ಆ ಜಾಗದಲ್ಲೂ ಔಷಧಿಯೇ.

ಯಾಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಮ್ಮ ಕಡೆ ಸೂಲಗಿತ್ತಿ ಬುತ್ತಿ ಕಟ್ಟಿಕೊಂಡು ಹೊರಡುವುದಿಲ್ಲ. ಕರೆದವರ ಮನೆಯಲ್ಲಿ ಅವಳ ಊಟ. ಅವಳು ಬುತ್ತಿ ಬಿಚ್ಚಿದಳೆಂದರೆ ಆ ಮನೆಯವರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಕೂಡ್ಲಿಗಿಯಿಂದ ಹಡಗಲಿಯ ತನಕ ನಮ್ಮ ಆಟ ಆಡಿ ನೋಡಿದವರೆಲ್ಲ ಇದೇ ನೆಲದವರು. ಮೊದಲ ಅಂತಸ್ತಿನಲ್ಲಿ ಉಣ್ಣಲು ಕೂತ ಕೂಡಲೇ ವೀರನಾಗಿ ಆಡುವವನು ‘ಲೇ, ಮೊದ್ಲು ಆಕಿಗಿ ಕೊಡಲೇ’ ಎನ್ನುತ್ತಿದ್ದ. ಕಳ್ಳ ಕೊಡುತ್ತಿದ್ದ. ಕೊಡುವುದಕ್ಕೆ ಆಟದಲ್ಲಿ ಒತ್ತುವ ಒಂದು ಗುಂಡಿ ಇತ್ತು. ಕೇಳುವುದಕ್ಕೆ ಇರಲಿಲ್ಲ. ಬೇಕೆಂದು ನಮಗೆ ಹೊಳೆದಿರಲೇ ಇಲ್ಲ.

ದೂರದ ಊರಿನ ಒಂದು ಕಂಪನಿ ನಮ್ಮ ಆಟವನ್ನು ಹಂಚಲು ಒಪ್ಪುವ ಹಾಗಿತ್ತು. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ತಮ್ಮ ಸಭಾಂಗಣದಲ್ಲಿ ಅಪರಿಚಿತರಿಂದ ಆಡಿಸಿ ನೋಡುತ್ತೇವೆ ಎಂದರು. ಮೇಡಂ, ಶಿವಲೀಲಾ, ನಾನು ಹೋದೆವು. ಒಬ್ಬರನ್ನೊಬ್ಬರು ಅರಿಯದ ನಾಲ್ವರನ್ನು ಒಂದೇ ಸಾಲಿನಲ್ಲಿ, ಕಿವಿಗೆ ಹೆಡ್‌ಫೋನು ಹಾಕಿ ಕೂರಿಸಿದರು. ನಾವು ಅವರ ಹಿಂದೆ ನಿಂತೆವು. ಮಾತಾಡಬಾರದು ಎಂಬುದು ಅಲ್ಲಿಯ ನಿಯಮ.

ನಾನು ವೈದ್ಯೆಯಾಗಿ ಆಡುತ್ತಿದ್ದ ಹುಡುಗಿಯ ಹಿಂದಿದ್ದೆ. ಜಾಣೆ. ಔಷಧಿಯ ಗುಣಗಳನ್ನು ಬೇಗ ಹಿಡಿದಳು. ವೀರನ ಗಾಯ ಕಟ್ಟಿದಳು, ಕಳ್ಳನಿಗೆ ಹಾವಿನ ವಿಷ ಇಳಿಸಿದಳು. ಅಷ್ಟರಲ್ಲಿ ಅವಳ ಪಾತ್ರಕ್ಕೆ ಹಸಿವಾಯಿತು. ಆಟದಲ್ಲಿ ಹಸಿವಾದರೆ ಕೈ ನಡುಗುತ್ತದೆ. ಶಿವಲೀಲಾ ಅದನ್ನು ಬಹಳ ಚೆನ್ನಾಗಿ ಬರೆದಿದ್ದಳು. ಹುಡುಗಿ ಚೀಲ ತೆರೆದಳು. ಬೇರು, ಎಲೆ, ಬಟ್ಟೆ, ಕಲ್ಲು. ಮುಚ್ಚಿದಳು. ಮತ್ತೆ ತೆರೆದಳು. ಪಕ್ಕದಲ್ಲೇ ವೀರ ಕೂತು ತನ್ನ ರೊಟ್ಟಿ ತಿಂದ. ಕಳ್ಳ ತಿಂದ. ದೀವಟಿಗೆಯವ ತಿಂದ. ಅವರು ಕೆಟ್ಟವರಲ್ಲ. ಅವರ ಚೀಲದಲ್ಲಿದ್ದದ್ದು ಅವರದು ಎಂದು ತಿಳಿದಿದ್ದರು, ಅಷ್ಟೆ. ವೈದ್ಯೆ ಮೆಟ್ಟಿಲಿನ ಮೇಲೆ ಕುಸಿದಳು.

ಮತ್ತೆ ಮೊದಲಿಂದ ಆಡಿಸಿದರು. ಮತ್ತೆ ಅಲ್ಲೇ ಕುಸಿದಳು. ಪ್ರತಿ ಸಲ ಆ ಹುಡುಗಿ ಉಳಿದವರ ಕಡೆ ತಿರುಗಿ ‘ಸಾರಿ’ ಎನ್ನುತ್ತಿದ್ದಳು. ಹೆಡ್‌ಫೋನು ಹಾಕಿದ್ದರಿಂದ ಅವರಿಗೆ ಕೇಳಿಸುತ್ತಿರಲಿಲ್ಲ. ನಮಗೆ ಕೇಳಿಸುತ್ತಿತ್ತು. ಕೊನೆಗೆ ಎದ್ದು ಬಂದು, ಶಿವಲೀಲಾ ಯಾರೆಂದು ತಿಳಿಯದೆ, ಅವಳಿಗೇ ಹೇಳಿದಳು: ‘ತುಂಬಾ ಚೆನ್ನಾಗಿದೆ ಮೇಡಂ. ನನಗೇ ಆಡೋಕೆ ಬರಲ್ಲ ಅನ್ಸುತ್ತೆ.’

ಒಂದು ವಸ್ತು ಕೆಟ್ಟದ್ದಾಗಿದ್ದರೆ ಜನ ಬೈಯುತ್ತಾರೆ, ಬೈಯಲಿ. ಆ ಮಗು ಬೈಯಲಿಲ್ಲ. ಇಲ್ಲದ ರೊಟ್ಟಿಗೆ ತನ್ನನ್ನು ತಾನೇ ಬೈದುಕೊಂಡು ಹೋಯಿತು. ಆ ದಿನದಿಂದ ಇಂದಿನವರೆಗೆ, ಆಡುವವರು ತಮ್ಮಷ್ಟಕ್ಕೆ ‘ನನಗೆ ಬರಲ್ಲ’ ಎಂದರೆ ನನಗೆ ಆ ಹುಡುಗಿಯೇ ನೆನಪಾಗುತ್ತಾಳೆ.

ಕಂಪನಿಯವರು ಸೌಜನ್ಯದಿಂದಲೇ ಹೇಳಿದರು: ‘ಆಟ ಇಷ್ಟವಾಯಿತು. ವೈದ್ಯೆಯನ್ನು ತೆಗೆದುಬಿಡಿ. ಮೂವರು ಸಾಕು. ಇಲ್ಲವಾದರೆ ಸರಿಮಾಡಿ ತನ್ನಿ. ಇನ್ನೊಂದೇ ಸಲ ನೋಡುತ್ತೇವೆ.’ ಹಿಂದಿರುಗುವ ದಾರಿಯುದ್ದಕ್ಕೂ ಶಿವಲೀಲಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ವೈದ್ಯೆ ಹೋದರೆ ಅವಳ ಕೆಲಸವೇನೂ ಹೋಗುತ್ತಿರಲಿಲ್ಲ. ಆದರೆ ಅವಳು ಬರೆದ ಬೇರೆ ಯಾವುದರಲ್ಲೂ ಅವಳ ಜೀವ ಅಷ್ಟು ಇರಲಿಲ್ಲ.

ಮರುದಿನ ನಾವು ಯಂತ್ರದ ಆಟಗಾರರ ಕೋಡು ತೆರೆದೆವು. ಆ ಸಮನಾದ ಗೆರೆಗಳು ನಮಗೆ ಯಾಕೆ ಏನೂ ಹೇಳಲಿಲ್ಲ? ಹಾಲೇಶನೇ ಕಂಡುಹಿಡಿದ. ‘ಪಕ್ಕದವರಿಗೆ ಹಸಿವಾಗಿದ್ದರೆ ಕೊಡು’ ಎಂದು ಅವನು ಎಲ್ಲಕ್ಕಿಂತ ಮೊದಲ ಸಾಲಿನಲ್ಲೇ ಬರೆದಿದ್ದ.

‘ಇದನ್ನ ಯಾರು ಬರಿ ಅಂದ್ರೋ?’ ಮೇಡಂ ಕೇಳಿದರು.

‘ಯಾರೂ ಹೇಳಿಲ್ಲ ಮೇಡಂ. ಮತ್ತೆ ಅದನ್ನೂ ಹೇಳ್ಬೇಕಾ?’

ಮೇಡಂ ಬೈಯಲಿಲ್ಲ. ‘ಯಂತ್ರಕ್ಕೂ ನಾವು ಹರಪನಹಳ್ಳಿ ಬುದ್ಧಿನ ಕಲಿಸೀವಿ’ ಎಂದರು.

ಆಮೇಲೆ ಎರಡು ವಿಧಾನ ಬದಲಾದವು. ಯಂತ್ರದ ಆಟಗಾರರಲ್ಲಿ ಹಂಚಿ ತಿನ್ನುವವರು ಬೇರೆ, ಹಂಚದವರು ಬೇರೆ ಎಂದು ಎರಡು ಬಗೆ ಮಾಡಿದೆವು. ಮನುಷ್ಯರನ್ನು ಒಂದೇ ಕೋಣೆಯಲ್ಲಿ ಕೂರಿಸುವುದನ್ನು ನಿಲ್ಲಿಸಿದೆವು. ಪರಿಚಯವಿಲ್ಲದವರನ್ನು ಕರೆದು ಬೇರೆ ಬೇರೆ ಕಡೆ ಕೂರಿಸತೊಡಗಿದೆವು.

ಪರಿಹಾರ ಮಾತ್ರ ಸಿಗಲಿಲ್ಲ. ವೈದ್ಯೆಯ ಚೀಲಕ್ಕೂ ಬುತ್ತಿ ಹಾಕಿದೆವು. ಭಾರದ ಮಿತಿಗಾಗಿ ಔಷಧಿ ಕಡಿಮೆ ಮಾಡಬೇಕಾಯಿತು. ನಾಲ್ವರೂ ಮೂರನೆಯ ಅಂತಸ್ತಿನಲ್ಲಿ ಸತ್ತರು. ಚೀಲವನ್ನೇ ದೊಡ್ಡದು ಮಾಡಿದೆವು. ಆಗ ವೈದ್ಯೆ ಎಲ್ಲರಿಗಿಂತ ಬಲವಾಗಿ, ಆಡಲು ಬಂದ ನಾಲ್ವರೂ ವೈದ್ಯೆಯನ್ನೇ ಆರಿಸಿಕೊಂಡರು. ‘ಸರ್ರ, ನಾಕೂ ಮಂದಿ ಸೂಲಗಿತ್ತೇರು ಇಳಿದಾರೆ, ಹೆರೋರು ಯಾರು?’ ಎಂದ ಹಾಲೇಶ. ಶಿವಲೀಲಾಳೂ ನಕ್ಕಳು. ಎಷ್ಟೋ ದಿನಕ್ಕೆ ನಕ್ಕದ್ದು.

ಕೊನೆಗೆ ಕೇಳುವ ಗುಂಡಿ ಇಟ್ಟೆವು. ಶಿವಲೀಲಾ ಬೇಡವೆಂದಳು. ‘ಆಕಿ ಕೇಳಂಗಿಲ್ರಿ ಮೇಡಂ’ ಎಂದಳು, ಅಷ್ಟೇ. ಆದರೂ ಇಟ್ಟು ನೋಡಿದೆವು. ಗುಂಡಿ ಒತ್ತಿದರೆ ಉಳಿದವರ ಪರದೆಯಲ್ಲಿ ವೈದ್ಯೆ ಕೈ ಚಾಚಿ ನಿಲ್ಲುತ್ತಾಳೆ. ಆಡುತ್ತಿದ್ದವನೊಬ್ಬ ಬೇಸರದಿಂದ, ‘ಇವಳೊಬ್ಬಳು ಬೇಡ್ತಾನೇ ಇರ್ತಾಳಪ್ಪ’ ಎಂದ. ಶಿವಲೀಲಾ ಎದ್ದಳು. ಪೆನ್ನು ಮೇಜಿನ ಮೇಲಿಟ್ಟಳು.

‘ತಗದ್ಬಿಡ್ರಿ ಮೇಡಂ. ಹಿಂಗ ಕೈ ಚಾಚಿ ನಿಲ್ಸೋದಕ್ಕಿಂತ ಆಕಿ ಇರೋದ ಬ್ಯಾಡ.’

ಎರಡು ದಿನದ ಮೇಲೆ, ಭಾನುವಾರ, ಮೇಡಂ ಕೊಟ್ಟೂರಿನ ನಮ್ಮ ಮನೆಗೆ ಬಂದರು. ವೈದ್ಯೆಯನ್ನು ಬಿಡುವುದೆಂದು ತೀರ್ಮಾನ ಮಾಡಿಯೇ ಬಂದಿದ್ದರೆಂದು ನನಗೆ ಅವರ ಮುಖದಲ್ಲೇ ತಿಳಿಯಿತು. ಹೇಗೆ ಶಿವಲೀಲಾಳಿಗೆ ಹೇಳುವುದು ಎಂದು ಕೇಳಲು ಬಂದಿದ್ದರು. ನನ್ನ ಹೆಂಡತಿ ಗೌರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ‘ಮಾತು ಆಮ್ಯಾಲ ಆಡೀರಂತ, ಬಿಸಿದು ಉಣ್ರಿ ಮೊದ್ಲು’ ಎಂದು ಇಬ್ಬರಿಗೂ ಬಡಿಸಿದಳು. ಬುಟ್ಟಿಯ ಪಕ್ಕದಲ್ಲಿ ಒಂದು ಸಣ್ಣ ತಟ್ಟೆ, ಅದರಲ್ಲಿ ಬೇರೆ ತೆಗೆದಿಟ್ಟ ರೊಟ್ಟಿ, ಮೇಲೆ ಬಟ್ಟೆ. ಮೇಡಂ ಅದನ್ನೇ ನೋಡುತ್ತಿದ್ದರು.

‘ಅದು ಯಾರಿಗ್ರೀ ಅಕ್ಕ?’

‘ಯಾರಿಗಿ ಅಂದ್ರ? ಯಾರರ ಬಂದ್ರ ಬೇಕಲ್ಲವಾ.’

‘ನಮ್ಮನ್ಯಾಗೂ ಅಮ್ಮಿ ಒಂದು ತೆಗದಿಡ್ತಾಳ. ನಾವು ಮುಟ್ಟಿದ್ರ ಕೈ ಮ್ಯಾಲ ಹೊಡೀತಾಳ, ಅದು ನಮ್ದಲ್ಲ ಅಂತ—’

ಮೇಡಂ ಮಾತು ಅಲ್ಲೇ ನಿಂತಿತು. ಬಾಯಿಗೆ ಒಯ್ದ ತುತ್ತು ಹಾಗೇ ಕೈಯಲ್ಲಿತ್ತು. ನಾನು ಅವರನ್ನು ಎಷ್ಟೋ ಸಲ ಯೋಚಿಸುತ್ತಾ ಕೂತದ್ದನ್ನು ನೋಡಿದ್ದೇನೆ. ಯೋಚನೆ ಒಬ್ಬರ ಮುಖದ ಮೇಲೆ ಬಂದು ನಿಲ್ಲುವುದನ್ನು ನೋಡಿದ್ದು ಅದೊಂದೇ ಸಲ.

‘ಕೊಟ್ರೇಶಣ್ಣ, ನಾವು ಆಕಿ ಚೀಲದಾಗ ಹುಡುಕಾಕತ್ತೀವಿ. ಆಕಿ ಚೀಲ ಸರಿ ಐತಿ. ಉಳಿದ ಮೂರು ಚೀಲ ತಪ್ಪು ಅದಾವ.’

ಅವರು ಮಾಡಿದ್ದು ಇಷ್ಟು. ವೀರ, ಕಳ್ಳ, ದೀವಟಿಗೆಯವ, ಈ ಮೂವರ ಬುತ್ತಿಯಲ್ಲಿ ಒಂದೊಂದು ಗಂಟು ಬೇರೆ ಕಟ್ಟಿದರು. ಅದರ ಹೆಸರು ‘ಬಂದವರ ಪಾಲು’. ಅದನ್ನು ಹೊತ್ತವನು ತಾನು ತಿನ್ನಲಾರ. ಬಿಸಾಡಲೂ ಬರುವುದಿಲ್ಲ. ಬೇರೆಯವರ ಕೈಗೆ ಕೊಡಬಹುದು, ಕೊಟ್ಟರೆ ಅವರು ತಿನ್ನಬಹುದು. ಅದಕ್ಕೆ ಭಾರವಿದೆ, ಚೀಲದಲ್ಲಿರುವ ತನಕ ದಾರಿಯಲ್ಲಿ ಸಿಕ್ಕ ಬಂಗಾರ ಹಿಡಿಸುವುದಿಲ್ಲ. ಎಲ್ಲೂ ಒಂದು ಸೂಚನೆ ಬರೆಯಲಿಲ್ಲ. ‘ಹಂಚಿಕೊಳ್ಳಿ ಎಂದು ಹಾಕೋಣ’ ಎಂದು ನಾನೇ ಹೇಳಿದೆ. ‘ಬೋರ್ಡು ಹಾಕಿ ಊಟಕ್ಕ ಕರೀತಾರೇನ್ರಿ?’ ಎಂದರು. ಕೇಳುವ ಗುಂಡಿ ಕಿತ್ತು ಹಾಕಿದರು. ವೈದ್ಯೆಯ ಚೀಲವನ್ನು ಶಿವಲೀಲಾ ಮೊದಲು ಹೇಗೆ ತುಂಬಿದ್ದಳೋ ಹಾಗೇ, ಒಂದು ಎಲೆಯೂ ಬದಲಿಸದೆ, ಬಿಟ್ಟರು.

ನಾನು ಕೆಲಸ ಬಿಟ್ಟ ಮೇಲೂ ಈ ಗಂಟಿನ ಬಗ್ಗೆ ಯೋಚಿಸುತ್ತೇನೆ. ಒಳ್ಳೆಯ ಗುಣವನ್ನು ಅವರು ಆಡುವವರಿಂದ ನಿರೀಕ್ಷಿಸಲಿಲ್ಲ. ದುರಾಸೆಯೂ ಕೊಡುವ ಕಡೆಗೇ ಹೋಗುವಂತೆ ಚೀಲವನ್ನು ಕಟ್ಟಿದರು. ಹೊಸಬರು ನನ್ನಿಂದ ಒಂದೇ ಮಾತು ಕಲಿಯುವುದಿದ್ದರೆ ಇದನ್ನು ಕಲಿಯಲಿ: ಕೊರತೆ ಎಲ್ಲಿ ಕಾಣುತ್ತದೋ ಅಲ್ಲೇ ಅದಕ್ಕೆ ಕಾರಣವಿರಬೇಕೆಂದಿಲ್ಲ.

ಆದರೂ ಅದು ನಡೆಯುತ್ತದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಎರಡನೆಯ ಸಲ ಸಭಾಂಗಣಕ್ಕೆ ಹೋದಾಗ ಶಿವಲೀಲಾ ಬಾಗಿಲ ತನಕ ಬಂದು ನಿಂತಳು. ‘ನಾನು ನೋಡಂಗಿಲ್ರಿ’ ಎಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒತ್ತಾಯ ಮಾಡಲಿಲ್ಲ. ನಾನು, ಮೇಡಂ ಒಳಗೆ ಹೋದೆವು.

ಈ ಸಲದ ನಾಲ್ವರೂ ಹೊಸಬರೇ. ವೈದ್ಯೆಯಾಗಿ ಕೂತದ್ದು ಒಬ್ಬ ನಡುವಯಸ್ಸಿನ ಹೆಂಗಸು. ಮೊದಲ ಅಂತಸ್ತು ದಾಟಿತು; ಯಾರೂ ಏನೂ ಕೊಡಲಿಲ್ಲ. ಅವಳ ಪಾತ್ರದ ಕೈ ನಡುಗತೊಡಗಿತು. ಎರಡನೆಯ ಅಂತಸ್ತಿನಲ್ಲಿ ಕಳ್ಳನಿಗೆ ಒಂದು ಬಂಗಾರದ ಬಟ್ಟಲು ಸಿಕ್ಕಿತು. ಚೀಲ ಹಿಡಿಯಲಿಲ್ಲ. ಗಂಟನ್ನು ತಿನ್ನಲು ನೋಡಿದ, ಆಗಲಿಲ್ಲ. ಎಸೆಯಲು ನೋಡಿದ, ಆಗಲಿಲ್ಲ. ಸುತ್ತ ನೋಡಿ, ಹತ್ತಿರ ನಿಂತಿದ್ದ ವೈದ್ಯೆಯ ಕೈಗೆ ಹಾಕಿ ಬಟ್ಟಲು ಎತ್ತಿಕೊಂಡ. ಅದನ್ನು ಕಂಡು ವೀರನೂ ಕೊಟ್ಟ. ವೈದ್ಯೆ ಕೂತು ಉಂಡಳು. ನಡುಕ ನಿಂತಿತು.

ಇದು ಲೆಕ್ಕದಂತೆ ನಡೆದದ್ದು. ಮುಂದಿನದು ನಮ್ಮ ಲೆಕ್ಕದಲ್ಲಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಕಳ್ಳನ ಬುತ್ತಿ ಮುಗಿದು ಅವನು ತೂರಾಡಿದ. ಆ ಹೆಂಗಸು ಚೀಲ ತೆರೆದು, ಉಳಿದಿದ್ದ ಒಂದು ಗಂಟನ್ನು ತೆಗೆದು ಅವನಿಗೆ ಕೊಟ್ಟಳು. ಅವಳಿಗೆ ಅದರಿಂದ ಲಾಭವೇನೂ ಇರಲಿಲ್ಲ. ಸಾಲಿನ ಆ ತುದಿಯಲ್ಲಿ ಕಳ್ಳನಾಗಿ ಆಡುತ್ತಿದ್ದ ಯುವಕ ಹೆಡ್‌ಫೋನು ತೆಗೆದು, ‘ವೈದ್ಯೆ ಯಾರು?’ ಎಂದು ಬಗ್ಗಿ ನೋಡಿದ. ಹೆಂಗಸು ಕೈ ಎತ್ತಿದಳು.

ಕಂಪನಿಯವರು ಮೇಡಂ ಹತ್ತಿರ ಬಂದು, ‘ನಾಲ್ವರೂ ಇರಲಿ’ ಎಂದರು. ಮೇಡಂ ತಲೆಯಾಡಿಸಿದರು. ನನ್ನ ಕಡೆ ನೋಡಿ ಬಾಗಿಲು ತೋರಿಸಿದರು.

ಹೊರಗೆ ಬಂದೆ. ಶಿವಲೀಲಾ ಬೆಂಚಿನಿಂದ ಎದ್ದು ನಿಂತಳು. ಕಂಪನಿ ಏನೆಂದಿತು, ವೈದ್ಯೆ ಉಳಿದಳೋ ಹೋದಳೋ ಎಂದು ಕೇಳುತ್ತಾಳೆಂದು ಆ ಮಾತನ್ನೇ ಬಾಯಲ್ಲಿ ಸಿದ್ಧಮಾಡಿಕೊಂಡಿದ್ದೆ.

‘ಉಂಡ್ಳೇನ್ರಿ?’ ಎಂದಳು.

‘ಉಂಡ್ಳವ್ವ’ ಎಂದೆ. ‘ತಾನೂ ಉಂಡು, ಇನ್ನೊಬ್ಬಗೂ ಕೊಟ್ಟಳು.’